ಹದಿನಾಲ್ಕು ಮೆಟ್ಟಿಲು

ನಕ್ಷೆಯಿಂದ ಮೆಟ್ಟಿಲುಗಳನ್ನು ಅಳಿಸಿಹಾಕಿದ ಮಾವ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ಬೇಳೆಗೆ ಉಪ್ಪು ಸಾಲದು ಎಂದರು.

ಅಳಿಸಿದ್ದು ಮಧ್ಯಾಹ್ನ ಮೂರಕ್ಕೆ. ಮೀಟರಮ್ಮ ಅದನ್ನು ಫೋನಿನಲ್ಲಿ ನೋಡಿದ್ದು ನಾಲ್ಕಕ್ಕೆ, ಯಾರದೋ ಮನೆಯ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಮೀಟರಿನ ಗಾಜು ಒರೆಸುತ್ತಿದ್ದಾಗ. ಈಗ ಸಂಜೆ ಏಳು. ಅವಳು ಉಪ್ಪಿನ ಡಬ್ಬಿ ಮುಂದೆ ಸರಿಸಿದಳು.

ಮೀಟರಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಮನೆ ಮನೆಗೆ ಹೋಗಿ ನೀರಿನ ಮೀಟರು ಓದುವ ಕೆಲಸ ಅವಳದು. ದಿನಕ್ಕೆ ನೂರಿಪ್ಪತ್ತು ಮನೆ. ಮೀಟರು ಕೂರಿಸುವವರು ಮನುಷ್ಯ ಬಗ್ಗಲಾರದ ಜಾಗವನ್ನೇ ಹುಡುಕಿ ಕೂರಿಸುತ್ತಾರೆ ಎಂಬುದು ಹನ್ನೊಂದು ವರ್ಷದಲ್ಲಿ ಅವಳು ಕಲಿತ ಮೊದಲ ಪಾಠ. ಯಾವ ಮನೆಯಲ್ಲಿ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಯಜಮಾನನೇ ಸಾಕು ಎಂಬುದು ಎರಡನೆಯದು. ಆ ಸುತ್ತಿನ ಓಣಿ, ಸಂದು, ಮೋರಿ, ಮುರಿದ ಚಪ್ಪಡಿ ಎಲ್ಲ ಅವಳ ಅಂಗಾಲಿಗೆ ಗೊತ್ತು. ವರ್ಷಕ್ಕೆ ಮೂರು ಜೊತೆ ಚಪ್ಪಲಿ ಸವೆಯುತ್ತಿದ್ದವು.

ಮಾವನೂ ಒಂದು ಕಾಲದಲ್ಲಿ ಹಾಗೇ ನಡೆದವರು. ಮೂವತ್ತೆರಡು ವರ್ಷ ಅಂಚೆ ಹಂಚಿ ನಿವೃತ್ತರಾಗಿದ್ದರು. ಮಂಡಿ ಸವೆದು ಮನೆ ಹಿಡಿದ ಮೇಲೆ ಮೊಮ್ಮಗಳು ಪುಟ್ಟಿ ಅವರಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬಳಗವನ್ನು ತೋರಿಸಿಕೊಟ್ಟಳು. ಊರಿನ ರಸ್ತೆ, ಮನೆ, ಅಂಗಡಿಗಳನ್ನು ಜನರೇ ಸೇರಿ, ಒಂದು ಕಾಸೂ ತೆಗೆದುಕೊಳ್ಳದೆ ಗುರುತಿಸುವ ಬಳಗ ಅದು. ‘ಯಾರು ಬೇಕಾದರೂ ಸೇರಬಹುದು’ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಮಾವ ‘ಅಂಚೆಯಣ್ಣ’ ಎಂಬ ಹೆಸರಿಟ್ಟುಕೊಂಡು ಸೇರಿದರು. ಎರಡು ವರ್ಷದಲ್ಲಿ ಏಳು ಜನ ಹಿರಿಯರಲ್ಲಿ ಒಬ್ಬರಾದರು. ಹೊಸಬರು ಏನೇ ಗುರುತಿಸಿದರೂ ಇಬ್ಬರು ಹಿರಿಯರು ಒಪ್ಪಬೇಕು. ಅಳಿಸಲು ಮಾತ್ರ ಒಬ್ಬರೇ ಸಾಕು. ಗೋಡೆ ನೋಡುತ್ತ ಕೂತಿರುತ್ತಿದ್ದ ಮನುಷ್ಯ ಮತ್ತೆ ಬೆಳಗ್ಗೆ ಎದ್ದು ಗಡ್ಡ ಹೆರೆದುಕೊಳ್ಳತೊಡಗಿದಾಗ ಮನೆಯವರಿಗೆಲ್ಲ ಜೀವ ಬಂದಂತಾಗಿತ್ತು.

ಮೀಟರಮ್ಮ ಒಮ್ಮೆ ಕೇಳಿಯೂ ಇದ್ದಳು. ಅವತ್ತು ಭಾನುವಾರ, ಏಳೂ ಹಿರಿಯರು ಇವರ ಮನೆಯ ಪಡಸಾಲೆಯಲ್ಲಿ ಸೇರಿದ್ದರು.

"ಮಾವ, ನನ್ನನ್ನೂ ಸೇರಿಸ್ಕೊಳ್ಳಿ. ನನಗೆ ಗೊತ್ತಿರೋ ಜಾಗ ಬೇಕಾದಷ್ಟಿವೆ."

"ನೀನು ಸೇರಿದ್ರೆ ನಮಗೆ ಟೀ ಯಾರು ಕೊಡ್ತಾರಮ್ಮ?" ಎಂದ ಹಿರಿಯರಲ್ಲೊಬ್ಬನಾದ ಕ್ಯಾಮೆರಾ ಅಂಗಡಿಯವನು. ಎಲ್ಲರೂ ನಕ್ಕರು. ಮಾವನೂ ನಕ್ಕರು. ಕೈಯಲ್ಲಿ ಏಳು ಲೋಟದ ತಟ್ಟೆ ಇದ್ದುದರಿಂದ ಅವಳೂ ನಕ್ಕಳು.

ಆ ವಾರವೇ ಪುಟ್ಟಿ ಅಮ್ಮನ ಫೋನಿನಲ್ಲಿ ಗುಟ್ಟಾಗಿ ಒಂದು ಖಾತೆ ತೆರೆದಳು. "ಯಾವ್ದಾದ್ರೂ ಗಂಡು ಹೆಸರು ಹಾಕೋಣ ಅಮ್ಮ. ಬೇಗ ಒಪ್ತಾರೆ."

"ಬೇಡ ಕಣೇ. ಬಾಗಿಲು ತೆರೆದೇ ಇದೆ ಅಂತ ಬರ್ದಿದ್ದಾರಲ್ಲ, ಮೀಸೆ ಅಂಟಿಸ್ಕೊಂಡು ಯಾಕೆ ಹೋಗ್ಲಿ?"

ಹೀಗೆ ಅವಳು ‘ಗುಬ್ಬಕ್ಕ’ ಆದಳು.

ಗುಬ್ಬಕ್ಕ ನಾಲ್ಕು ತಿಂಗಳಲ್ಲಿ ಮೂವತ್ತೈದು ಜಾಗ ಗುರುತಿಸಿದಳು. ಸಂತೆಯ ಹಿಂದಿನ ಹೆಂಗಸರ ಶೌಚಾಲಯ, ಕೂಸುಗಳಿಗೆ ಲಸಿಕೆ ಹಾಕುವ ಕೋಣೆ, ಕೂಲಿಗೆ ಹೋಗುವವರು ಮಕ್ಕಳನ್ನು ಬಿಟ್ಟುಹೋಗುವ ಮನೆ, ದೀಪವಿಲ್ಲದ ಸಂದುಗಳು. ಮೂವತ್ತೈದೂ ಹೋದವು. ಒಂದಕ್ಕೆ ‘ಮುಖ್ಯವಲ್ಲ’, ಇನ್ನೊಂದಕ್ಕೆ ‘ಪುರಾವೆ ಇಲ್ಲ’, ಮತ್ತೊಂದಕ್ಕೆ ‘ಫೋಟೋ ಹಾಕಿ’. ಅದೇ ನಕ್ಷೆಯಲ್ಲಿ ಹೆಂಡದಂಗಡಿ ಹನ್ನೊಂದಿದ್ದವು, ಒಂದೊಂದಕ್ಕೂ ಬಾಗಿಲು ತೆರೆಯುವ ಹೊತ್ತು ಸಮೇತ. ‘ಕತ್ತಲಾಯ್ತು, ಗೂಡು ಸೇರ್ಕೋ ಗುಬ್ಬಕ್ಕ’ ಎಂದು ಒಬ್ಬ ಎಲ್ಲರೆದುರೇ ಬರೆದ. ಇನ್ನೊಬ್ಬ ಗುಟ್ಟಾಗಿ ಫೋಟೋ ಕಳಿಸು ಎಂದ. ಜಾಗದ್ದಲ್ಲ, ಅವಳದು.

ಆ ಮೂವತ್ತೈದಕ್ಕೂ ಅವಳು ನೊಂದಳೇ ಹೊರತು ಹೆದರಲಿಲ್ಲ. ಮೂವತ್ತಾರನೆಯದು ಮೆಟ್ಟಿಲು. ಅದರ ಮಾತೇ ಬೇರೆ.

ಎರಡು ತಿಂಗಳ ಹಿಂದೆ ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ಬಾಯಿ ಸೊಟ್ಟ ಮಾಡಿಕೊಂಡಿದ್ದರು. ಅರ್ಧ ಗಂಟೆಯಲ್ಲಿ ತಾನೇ ಸರಿಹೋಗಿತ್ತು. ಮನೆಯವರು ನಕ್ಕು ಹಗುರಾದರೂ ಡಾಕ್ಟರು ನಗಲಿಲ್ಲ. "ಇದು ಬಾಗಿಲು ತಟ್ಟಿ ಹೋಗಿದೆ ಅಷ್ಟೆ. ಇನ್ನೊಂದು ಸಲ ಹೀಗಾದ್ರೆ ಗಡಿಯಾರ ನೋಡ್ಕೊಂಡು ಓಡಿ ಬನ್ನಿ. ಬೇಗ ಬಂದಷ್ಟು ಮನುಷ್ಯ ಉಳೀತಾನೆ, ತಡ ಆದಷ್ಟು ಕಳೀತಾನೆ."

ಊರಿನಲ್ಲಿ ಬಿಟ್ಟಿ ಆಂಬುಲೆನ್ಸ್ ಇದ್ದುದು ಒಂದೇ. ಅದರ ಚಾಲಕರು ಹೊರಗಿನವರು. ನಕ್ಷೆ ಬಳಗದ ನಕ್ಷೆಯನ್ನೇ ಫೋನಿನಲ್ಲಿ ನೋಡಿಕೊಂಡು ಓಡಿಸುವವರು. ಕೆಳಗಿನ ಆಸ್ಪತ್ರೆ ರಸ್ತೆಯಿಂದ ಇವರ ಮೇಲಿನ ಬೀದಿಗೆ ಹತ್ತಿರದ ದಾರಿ ಸುಣ್ಣದ ಗೂಡಿನ ಓಣಿ. ಐದು ವರ್ಷದ ಹಿಂದೆ ಮೋರಿಗೆಂದು ಅಗೆದವರು ಓಣಿಯ ನಟ್ಟನಡುವೆ ಮೆಟ್ಟಿಲು ಕಟ್ಟಿ ಹೋಗಿದ್ದರು. ನಕ್ಷೆಯಲ್ಲಿ ಅದು ಇನ್ನೂ ಗಾಡಿ ಹೋಗುವ ರಸ್ತೆಯೇ. ಹಾಗೆ ಎಳೆದವರು ಅಂಚೆಯಣ್ಣ, ಸೈಕಲ್ಲಿನಲ್ಲಿ ಗಂಟೆ ಬಾರಿಸುತ್ತ ಇಳಿಯುತ್ತಿದ್ದ ನೆನಪಿನಿಂದ. ಅವರು ಬಳಗದಲ್ಲಿ ಎಳೆದ ಮೊದಲ ಗೆರೆಯೇ ಅದು.

ಉಪ್ಪು ಬೆರೆಸಿಕೊಳ್ಳುತ್ತಿದ್ದ ಮಾವನಿಗೆ ಮೀಟರಮ್ಮ ಮೆಲ್ಲಗೆ ಹೇಳಿದಳು. "ಮಾವ, ಸುಣ್ಣದ ಗೂಡಿನ ಓಣೀಲಿ ಈಗ ಗಾಡಿ ಹೋಗಲ್ಲ. ಹದಿನಾಲ್ಕು ಮೆಟ್ಟಿಲು ಕಟ್ಟಿದ್ದಾರೆ."

ಮಾವನ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. "ಮೂವತ್ತೆರಡು ವರ್ಷ ಆ ಓಣೀಲಿ ಕಾಗದ ಹಂಚಿದ್ದೀನಿ."

"ಈಗಿನ ಮಾತು ಹೇಳಿದೆ ಮಾವ."

"ನೀನು ಬೇರೆ ಯಾವ್ದೋ ಓಣಿ ನೋಡಿರ್ತೀಯ. ಹೆಂಗಸರಿಗೆ ದಿಕ್ಕು ಗೊತ್ತಾಗಲ್ಲ."

"ನಿಮಗೆ ಅಡುಗೆಮನೆ ದಿಕ್ಕು ಇವತ್ತಿಗೂ ಗೊತ್ತಾಗಿಲ್ಲ" ಎಂದರು ಅತ್ತೆ, ಒಳಗಿಂದ ಮೊಸರಿನ ಪಾತ್ರೆ ತರುತ್ತ. ಪುಟ್ಟಿ ಕಿಸಕ್ಕೆಂದಳು. ಮಾವ ತಟ್ಟೆ ಬಿಟ್ಟು ಎದ್ದರು.

ಅತ್ತೆಗೆ ಓದಲು ಬಾರದು. ಆದರೂ ಗುಬ್ಬಕ್ಕ ಯಾರೆಂದು ಮನೆಯಲ್ಲಿ ಪುಟ್ಟಿಯ ನಂತರ ಗೊತ್ತಿದ್ದುದು ಅವರೊಬ್ಬರಿಗೇ. ಪಾತ್ರೆ ತೊಳೆಯುವಾಗ ಮೀಟರಮ್ಮ ಕೇಳಿದಳು. "ನಾನೇ ಗುಬ್ಬಕ್ಕ ಅಂತ ಹೇಳಿಬಿಡ್ಲಾ ಅತ್ತೆ?"

"ಹೇಳ್ಬೇಡ. ಅವರ ಹಠ ನನಗೆ ಗೊತ್ತು. ಮುಖಕ್ಕೆ ಹೊಡೆದ ಹಾಗೆ ಹೇಳಿದ್ರೆ ಇನ್ನೂ ಬಿಗಿಯಾಗ್ತಾರೆ. ಒಂದು ಫೋಟೋ ತಂದಿಡು, ಬಾಯಿ ತಾನಾಗೇ ಮುಚ್ಚುತ್ತೆ."

"ಅಷ್ಟರಲ್ಲಿ ನಿಮಗೇನಾದ್ರೂ ಆದ್ರೆ?"

"ನನಗೇನಾಗುತ್ತೆ, ಹಳೇ ಮಡಕೆ. ಬಿರುಕು ಬಿಟ್ಟಿದ್ದೇ ಬಹಳ ದಿನ ಬಾಳೋದು."

ಮರುದಿನ ಅವಳು ಮತ್ತೆ ಹದಿನಾಲ್ಕು ಮೆಟ್ಟಿಲು ಗುರುತಿಸಿದಳು. ಕೆಳಗೆ ಬರೆದಳು: ‘ನಾನು ತಿಂಗಳಿಗೆ ಎರಡು ಸಲ ಇಲ್ಲಿ ಹತ್ತಿ ಇಳಿಯುತ್ತೇನೆ. ಆಂಬುಲೆನ್ಸ್ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ದಯವಿಟ್ಟು ಉಳಿಸಿ.’ ಒಂದು ಗಂಟೆಯೊಳಗೆ ಅಂಚೆಯಣ್ಣ ಅಳಿಸಿದರು. ಕಾರಣ: ಫೋಟೋ ಇಲ್ಲ.

ಫೋಟೋ ತೆಗೆಯುವುದು ಏನು ಮಹಾ ಎಂದು ಕೇಳುವವರು ಒಬ್ಬಂಟಿ ಹೆಂಗಸಾಗಿ ಇನ್ನೊಬ್ಬರ ಬೀದಿಯಲ್ಲಿ ಫೋನು ಎತ್ತಿ ನೋಡಬೇಕು. ಮೀಟರಮ್ಮ ಆ ಗುರುವಾರ ಎತ್ತಿದಳು. ಆರನೇ ಮೆಟ್ಟಿಲಿನ ಪಕ್ಕದ ಮನೆಯಿಂದ ಬನಿಯನ್ ತೊಟ್ಟ ಒಬ್ಬ ದಪ್ಪನೆಯವನು ಹೊರಗೆ ಬಂದ.

"ಏಯ್, ಯಾರ ಮನೆ ಫೋಟೋ ತೆಗೀತಿದ್ದೀಯ?"

"ಮೆಟ್ಟಿಲಿಂದು ಅಣ್ಣ. ನಕ್ಷೆಗೆ."

"ನೀರಿನ ಬಿಲ್ಲಿನವಳಿಗೆ ನಕ್ಷೆ ಯಾಕೆ? ಒಳಗೆ ಹೆಣ್ಣುಮಕ್ಕಳಿದ್ದಾರೆ. ಯಾರು ಕಳ್ಸಿದ್ರು ನಿನ್ನ? ಕೊಡು ಇಲ್ಲಿ ಫೋನು."

ಕೊಡುವ ಮುಂಚೆಯೇ ಕಿತ್ತುಕೊಂಡಿದ್ದ. ಸುತ್ತ ಐದಾರು ಗಂಡಸರು ಸೇರಿದರು. ಒಬ್ಬ ಅವಳ ಚೀಲ ನೋಡಬೇಕೆಂದ. ಇನ್ನೊಬ್ಬ ಸುಮ್ಮನೆ ನೋಡುತ್ತ ನಿಂತ. ಅದು ಎಲ್ಲಕ್ಕಿಂತ ಕಷ್ಟವಾಗಿತ್ತು. ಫೋಟೋ ಅಳಿಸಿ ಫೋನು ಹಿಂದಕ್ಕೆ ಕೊಡುವಷ್ಟರಲ್ಲಿ ಅವಳ ಕುಪ್ಪಸದ ಬೆನ್ನು ಒದ್ದೆಯಾಗಿತ್ತು.

ಅವಳು ಕಚೇರಿ ಸೇರುವ ಮುಂಚೆ ದೂರು ಸೇರಿತ್ತು. ಸೂಪರ್‌ವೈಸರ್ ಕೆಟ್ಟವನಲ್ಲ, ಕಣ್ಣು ತಪ್ಪಿಸಿಯೇ ಹೇಳಿದ. "ನೋಡಮ್ಮ, ಇನ್ನೊಂದು ದೂರು ಬಂದ್ರೆ ನನ್ನ ಕೈಲಿ ಇರಲ್ಲ. ಮೀಟರು ಓದು, ಬಾ. ಊರು ತಿದ್ದೋ ಕೆಲಸ ನಿನಗೆ ಯಾರು ಕೊಟ್ರು?"

ಉಳಿದಿದ್ದು ಗಂಡ. ಅವನು ಬೇಕರಿಯಲ್ಲಿ ರಾತ್ರಿಪಾಳಿ ಮಾಡುವವನು. ಬೆಳಗ್ಗೆ ಏಳಕ್ಕೆ ಮೈತುಂಬ ಹಿಟ್ಟು, ಕಣ್ತುಂಬ ನಿದ್ದೆ ಹೊತ್ತು ಬರುತ್ತಿದ್ದ. ಅವನು ಬ್ರೆಡ್ಡಿನ ತುದಿ ಟೀಯಲ್ಲಿ ಅದ್ದುತ್ತಿದ್ದಾಗ ಎಲ್ಲ ಹೇಳಿದಳು. ಖಾತೆ, ಮೆಟ್ಟಿಲು, ಬನಿಯನ್ನಿನವನು, ದೂರು.

ಅವನು ಬಹಳ ಹೊತ್ತು ಅಗಿದ. "ಅಂದ್ರೆ ನಾಲ್ಕು ತಿಂಗಳಿಂದ ಅಪ್ಪನ ಹಿಂದೆ ಬಿದ್ದಿದ್ದೀಯ."

"ನಾನು ಅವರ ಹಿಂದೆ ಬಿದ್ದಿಲ್ಲ ರೀ. ಅವರು ನಾನು ಬರ್ದಿದ್ದನ್ನ ಅಳಿಸ್ತಿದ್ದಾರೆ."

"ಅವರಿಗಿರೋದು ಅದೊಂದೇ. ಅದಕ್ಕೂ ಕೈ ಹಾಕ್ಬೇಡ. ಆ ಆರು ಜನರ ಮುಂದೆ ಸೊಸೆ ತಿದ್ದಿದ್ಲು ಅಂತಾದ್ರೆ ಮತ್ತೆ ಗೋಡೆ ನೋಡ್ತಾ ಕೂತ್ಕೋತಾರೆ."

"ಸರಿ, ನನ್ನ ಹೆಸರು ಬೇಡ. ನೀವೇ ಹೋಗಿ ಒಂದು ಫೋಟೋ ತಗೊಂಡು ಬನ್ನಿ. ಗಂಡಸರನ್ನ ಯಾರೂ ಕೇಳಲ್ಲ."

"ಭಾನುವಾರ ನೋಡೋಣ."

ಭಾನುವಾರ ಅವನು ಮಧ್ಯಾಹ್ನದ ಊಟಕ್ಕೆ ಎದ್ದವನು ಮತ್ತೆ ಮಲಗಿದ. ಮುಂದಿನ ಭಾನುವಾರ ಬೇಕರಿಯ ಒಲೆ ಕೆಟ್ಟಿತೆಂದು ಕರೆ ಬಂತು. ಪುಟ್ಟಿ "ನಾನು ಹೋಗಿ ತೆಗೀತೀನಿ, ಎರಡು ನಿಮಿಷ" ಎಂದಾಗ ಮೀಟರಮ್ಮ ಎಂದೂ ಬೈಯದ ಹಾಗೆ ಬೈದಳು. ಹದಿಮೂರು ವರ್ಷದವಳು ಆ ಗಂಡಸರ ನಡುವೆ ನಿಂತ ಚಿತ್ರ ಕಣ್ಣ ಮುಂದೆ ಬಂದಿತ್ತು. ಬೈಸಿಕೊಂಡ ಪುಟ್ಟಿ ಎರಡು ದಿನ ಮಾತು ಬಿಟ್ಟಳು.

ಆ ಎರಡನೇ ಭಾನುವಾರವೂ ಏಳು ಜನ ಪಡಸಾಲೆಯಲ್ಲಿ ಸೇರಿದ್ದರು. ಮೀಟರಮ್ಮ ಟೀ ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಹಿರಿಯರಲ್ಲಿ ಇನ್ನೊಬ್ಬರಾದ ಡ್ರಾಯಿಂಗ್ ಮೇಷ್ಟ್ರು ಹೇಳುತ್ತಿದ್ದರು. "ಈ ಗುಬ್ಬಕ್ಕ ಮತ್ತೆ ಮತ್ತೆ ಬರ್ತಾಳಲ್ರೀ. ಮನೇಲಿ ಕೆಲಸ ಇಲ್ವಾ ಈಕೆಗೆ?"

"ಖಾತೆ ಮುಚ್ಚಿಸಿ ಅಂಚೆಯಣ್ಣ. ಕಾಟ ತಪ್ಪುತ್ತೆ" ಎಂದ ಕ್ಯಾಮೆರಾ ಅಂಗಡಿಯವನು, ಲೋಟ ಎತ್ತಿಕೊಳ್ಳುತ್ತ.

ಮಾವ ಸೊಸೆಯ ಮುಖ ನೋಡಲಿಲ್ಲ. "ಇರ್ಲಿ ಬಿಡಿ" ಎಂದರು. "ಟೀ ಕುಡೀರಿ."

ಮೂರನೇ ಸಲ ಅವಳು ಮೆಟ್ಟಿಲು ಗುರುತಿಸಿದ್ದು ಸೋಮವಾರ. ವಿವರಣೆಯಲ್ಲಿ ಒಂದೇ ಸಾಲು: ‘ನಮ್ಮ ಮನೆಯಲ್ಲಿ ಕಾಯಿಲೆಯವರಿದ್ದಾರೆ.’ ಮಂಗಳವಾರ ಬೆಳಗ್ಗೆ ಅದು ಇರಲಿಲ್ಲ.

ಬುಧವಾರ ಮಧ್ಯಾಹ್ನ ಮೂರು ಹತ್ತಕ್ಕೆ ಅವಳ ಫೋನು ಬಡಿದುಕೊಂಡಿತು. ಅವಳು ಇದ್ದುದು ಆಸ್ಪತ್ರೆ ರಸ್ತೆಯ ಬದಿಯ ಒಂದು ಮನೆಯ ಬಚ್ಚಲ ಹಿಂದೆ.

"ಅಮ್ಮಾ, ಅಜ್ಜಿ ಏನೋ ಹೇಳ್ತಿದ್ದಾರೆ, ಒಂದೂ ಅರ್ಥ ಆಗ್ತಿಲ್ಲ. ಕೈಯಿಂದ ಲೋಟ ಬಿತ್ತು."

"ಆಂಬುಲೆನ್ಸ್?"

"ತಾತ ಫೋನ್ ಮಾಡಿದ್ರು. ಹೊರಟಿದ್ದಾರಂತೆ."

"ಪುಟ್ಟಿ, ಕೇಳು. ಮತ್ತೆ ಫೋನ್ ಮಾಡು. ಸಂತೆ ರಸ್ತೆ ಬಳಸ್ಕೊಂಡು ಬನ್ನಿ ಅನ್ನು. ಓಣಿ ಬೇಡ ಅನ್ನು. ಓಣಿ ಬೇಡ!"

ಪುಟ್ಟಿ ಹದಿನೆಂಟು ಸಲ ಪ್ರಯತ್ನಿಸಿದಳು. ಆ ನಂಬರು ಹದಿನೆಂಟು ಸಲವೂ ಬಿಡುವಿಲ್ಲದೆ ಇತ್ತು.

ಮೀಟರಮ್ಮ ಮನೆಯ ಕಡೆಗೆ ಓಡಲಿಲ್ಲ. ಓಣಿಯ ಬುಡಕ್ಕೆ ಓಡಿದಳು. ಗಾಡಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ಆ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಅವಳು ತಲುಪಿದಾಗ ಬಿಳಿ ಗಾಡಿ ಮೊದಲ ಮೆಟ್ಟಿಲಿಗೆ ಮೂತಿ ತಾಗಿಸಿ ನಿಂತು ಸುಮ್ಮನೆ ಕೂಗಿಕೊಳ್ಳುತ್ತಿತ್ತು. ಹಿಂದೆ ನೀರಿನ ಟ್ಯಾಂಕರು, ಟ್ಯಾಂಕರಿನ ಹಿಂದೆ ತರಕಾರಿ ಗಾಡಿ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಚಾಲಕ ಇಪ್ಪತ್ತೈದರ ಹುಡುಗ, ಅಳುವುದೊಂದು ಬಾಕಿ.

"ಇಲ್ಲಿ ರಸ್ತೆ ಇದೆ ಅಂತ ತೋರಿಸ್ತಿದೆಯಲ್ಲಮ್ಮಾ!" ಅವನು ಫೋನು ಅವಳ ಮುಖಕ್ಕೆ ಹಿಡಿದ. ನಕ್ಷೆಯಲ್ಲಿ ಓಣಿ ನೆಟ್ಟಗೆ, ನುಣ್ಣಗೆ, ಮೇಲಿನ ಬೀದಿಯವರೆಗೆ ಹೋಗಿತ್ತು.

"ಸ್ಟ್ರೆಚರ್ ತೆಗಿಯಪ್ಪಾ" ಎಂದಳು. "ಹತ್ತೋಣ."

ಮೇಲಿನಿಂದ ಮನೆಗೆ ಏಳುನೂರು ಹೆಜ್ಜೆ. ಮನೆಯಲ್ಲಿ ಗಂಡ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಅಮ್ಮ, ನೋಡಿಲ್ಲಿ, ಅಮ್ಮ" ಎನ್ನುತ್ತಿದ್ದ. ಮಾವ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಸ್ಟ್ರೆಚರನ್ನು ಕೈಯಲ್ಲಿ ಹೊತ್ತು ಬರುವ ಸೊಸೆಯನ್ನು ಕಂಡು ಅವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಇಳಿಸುವಾಗ ಮೆಟ್ಟಿಲಿನ ಮನೆಗಳ ಹೆಂಗಸರು ತಾವಾಗಿಯೇ ಬಂದು ಕೈ ಕೊಟ್ಟರು. "ನಿಧಾನ ಮೀಟರಮ್ಮಾ, ಒಂಬತ್ತನೇದು ಅಲ್ಲಾಡುತ್ತೆ." ಅಲ್ಲಾಡುತ್ತಿದ್ದುದು ಒಂಬತ್ತನೆಯದೇ. ಅವಳಿಗೂ ಗೊತ್ತಿತ್ತು. ಟ್ಯಾಂಕರು ಹಿಂದೆ ಸರಿದು ಗಾಡಿ ತಿರುಗಿ ಆಸ್ಪತ್ರೆ ಸೇರುವಾಗ ಗಡಿಯಾರ ನಾಲ್ಕೂ ಮುಕ್ಕಾಲು. ಓಣಿ ಬಿಟ್ಟು ಬಳಸಿ ಬಂದಿದ್ದರೆ ಮೂರೂ ಮುಕ್ಕಾಲಿಗೆ ಅಲ್ಲಿರುತ್ತಿದ್ದರು.

ಅತ್ತೆಯ ಜೀವ ಉಳಿಯಿತು. ಬಲಗೈ ಬಲಗಾಲು ಉಳಿಯಲಿಲ್ಲ. ಮಾತು ಹೋಯಿತು. "ಆ ಒಂದು ಗಂಟೆ ಸಿಕ್ಕಿದ್ರೆ..." ಎಂದು ಶುರುಮಾಡಿದ ಡಾಕ್ಟರು ಬೆಂಚಿನ ಮೇಲೆ ಕೂತವರ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಮಾವ, ಸೊಸೆ ಇಬ್ಬರೇ ಕೂತಿದ್ದರು. ಗಂಡ ಔಷಧಿ ತರಲು ಹೋಗಿದ್ದ. ಮೀಟರಮ್ಮ ಆ ಮಾತನ್ನು ಗಾಡಿಯಲ್ಲೇ ಜೋಡಿಸಿಕೊಂಡಿದ್ದಳು. ಇವತ್ತು ಹೇಳಿಯೇ ಬಿಡುವುದೆಂದು. ಬಾಯಿ ತೆರೆಯುವ ಮುಂಚೆ ಮಾವ, ನೆಲ ನೋಡುತ್ತಲೇ ಹೇಳಿದರು.

"ಗುಬ್ಬಕ್ಕ ನೀನೇ ಅಂತ ನನಗೆ ಗೊತ್ತಿತ್ತು."

ಅವಳು ತಿರುಗಿದಳು.

"ಅವತ್ತು ಊಟಕ್ಕೆ ಕೂತಾಗ ಹದಿನಾಲ್ಕು ಅಂದ್ಯಲ್ಲ. ಅವಳೂ ಹದಿನಾಲ್ಕು ಅಂತಲೇ ಬರ್ದಿದ್ಲು. ಅಲ್ಲೇ ಗೊತ್ತಾಯ್ತು."

"ಮತ್ತೆ ಎರಡು ಸಲ ಅಳಿಸಿದ್ರಿ."

"ಹೂಂ."

"ಮನೇಲಿ ಕಾಯಿಲೆಯವರಿದ್ದಾರೆ ಅಂತ ಬರ್ದಿದ್ದೆ. ಯಾರ ಮನೆ ಅಂತ ಗೊತ್ತಿತ್ತಲ್ಲ ನಿಮಗೆ?"

"ಒಪ್ಕೊಂಡ್ರೆ ನಾನು ಎಳೆದ ಮೊದಲನೇ ಗೆರೇನೇ ತಪ್ಪು ಅಂತಾಗ್ತಿತ್ತು. ಅದೂ ಟೀ ಕೊಡೋ ಸೊಸೆ ಕೈಲಿ. ನಗ್ತಾರೆ ಅನ್ಕೊಂಡೆ. ಒಂದಿನ ನಾನೇ ಹೋಗಿ ನೋಡ್ಕೊಂಡು ಬಂದು ತಿದ್ದಿದ್ರಾಯ್ತು ಅನ್ಕೊಂಡೆ. ಇವಳಿಗೆ ಇಷ್ಟು ಬೇಗ..."

ಮೀಟರಮ್ಮನಿಗೆ ಬೈಗುಳ ಬರಲಿಲ್ಲ. ಬೈಯಲು ಎದುರಿಗೆ ಒಬ್ಬ ಮನುಷ್ಯ ಇರಬೇಕು. ಅಲ್ಲಿ ಕೂತಿದ್ದುದು ಒಂದು ಖಾಲಿ ಅಂಗಿ. ಅವಳು ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದಳು, ಮತ್ತೆ ತೊಳೆದಳು. ಹಿಂದಿರುಗಿ ಬಂದು ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

ಹನ್ನೆರಡು ದಿನದ ಮೇಲೆ ಅತ್ತೆಯನ್ನು ಮನೆಗೆ ತಂದರು. ಸಂತೆ ರಸ್ತೆ ಬಳಸಿ ತಂದರು. ಒಳಕೋಣೆಯ ಬಾಗಿಲು ಕಿರಿದೆಂದು ಮಂಚವನ್ನು ಪಡಸಾಲೆಯಲ್ಲೇ ಹಾಕಿದರು. ಮನೆಯ ಕೆಲಸದ ಲೆಕ್ಕವೆಲ್ಲ ಬದಲಾಯಿತು. ಗಂಡ ಬೆಳಗ್ಗೆ ಬಂದವನು ಮಲಗುವ ಮುಂಚೆ ತಾಯಿಯ ಮೈ ಒರೆಸಿದ. ಪುಟ್ಟಿ ಗಂಜಿ ಕುಡಿಸಿದಳು. ಮಾವ ಹೆಂಡತಿಯ ಬಟ್ಟೆ ಒಗೆಯಲು ನಿಂತರು. ಸೋಪು ಎಲ್ಲಿದೆ ಎಂದು ದಿನವೂ ಕೇಳಿದರು. ಅಡುಗೆಮನೆಯ ದಿಕ್ಕು ಗೊತ್ತಾಗಿದ್ದನ್ನು ಕಂಡು ನಗೆಯಾಡಬೇಕಾದವರ ಬಾಯಲ್ಲಿ ‘ಹಾ’ ಎಂಬ ಒಂದು ಸದ್ದು ಬಿಟ್ಟರೆ ಏನೂ ಬರುತ್ತಿರಲಿಲ್ಲ.

ಶುಕ್ರವಾರ ಸಂಜೆ ಮಾವ ಕೋಲು ಹಿಡಿದು ಸೊಸೆಯ ಮುಂದೆ ನಿಂತರು. "ಫೋಟೋ ತೆಗೆಯೋಣ ನಡಿ."

ಮಂಡಿಯಿಂದಾಗಿ ಏಳುನೂರು ಹೆಜ್ಜೆಗೆ ಅರ್ಧ ಗಂಟೆ ಹಿಡಿಯಿತು. ಮೆಟ್ಟಿಲ ತಲೆಯಲ್ಲಿ ನಿಂತು ಅವರು ಕೋಲಿನಿಂದ ಒಂದೊಂದನ್ನೇ ತೋರಿಸಿ ಎಣಿಸಿದರು. ಹದಿನಾಲ್ಕು. ಫೋನು ಎತ್ತಿದರು. ಬನಿಯನ್ನಿನವನು ಬಾಗಿಲಿಗೆ ಬಂದ.

"ಏನ್ ಯಜಮಾನ್ರೇ, ಫೋಟೋನಾ? ತೆಗೀರಿ ತೆಗೀರಿ. ಕುರ್ಚಿ ತರ್ಲಾ?"

ಮಾವ ಫೋನು ಇಳಿಸಿದರು. "ಮೊನ್ನೆ ಇವಳು ತೆಗೆದಾಗ ಕಿತ್ಕೊಂಡ್ರಂತಲ್ಲ?"

"ಅದು ಬೇರೆ ಬಿಡಿ. ಹೆಂಗಸು ಒಬ್ಬಳೇ ಬಂದು ತೆಗೆದ್ರೆ ಏನಂತ ತಿಳ್ಕೋಬೇಕು?"

"ಮೆಟ್ಟಿಲಿದೆ ಅಂತ ತಿಳ್ಕೋಬೇಕಿತ್ತು" ಎಂದರು ಮಾವ. ಅದು ಅವನಿಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ, ದನಿ ಅಷ್ಟು ತಗ್ಗಿತ್ತು.

ಮನೆಗೆ ಬಂದು, ಗುಬ್ಬಕ್ಕನ ಹೆಸರಿನಲ್ಲೇ ಹಾಕೋಣ, ನಾನು ಒಪ್ಪುತ್ತೇನೆ, ಇನ್ನೊಬ್ಬರನ್ನು ಕೇಳುತ್ತೇನೆ ಎಂದರು. ಹಾಕಿದರು. ಅವರು ಒಪ್ಪಿದರು. ಇನ್ನೊಬ್ಬರಿಗೆ ಕಾಯುತ್ತ ಕೂತರು. ಕತ್ತಲಾಗುವ ಮುಂಚೆ ಕ್ಯಾಮೆರಾ ಅಂಗಡಿಯವನು ಅಳಿಸಿದ: ‘ಫೋಟೋ ಹೊಸಬಳದ್ದು. ಎಲ್ಲಿ ತೆಗೆದಿದ್ದೋ ಏನೋ.’

ಮೀಟರಮ್ಮ ಅತ್ತೆಯ ದಿಂಬು ಸರಿಮಾಡುತ್ತ ಹೇಳಿದಳು. "ನಿಮ್ಮ ಹೆಸರಲ್ಲೇ ಹಾಕಿ ಮಾವ. ನಾಳೆ ಇನ್ನೊಬ್ಬರ ಮನೆಗೆ ಗಾಡಿ ಬರ್ಬೋದು. ನನ್ನ ಹೆಸರಿಗೋಸ್ಕರ ಇನ್ನೊಂದು ಜೀವ ಕಾಯ್ಬೇಕಾ?"

ಅವರು ಅದೇ ಫೋಟೋವನ್ನು ಅಂಚೆಯಣ್ಣನ ಹೆಸರಿನಲ್ಲಿ ಹಾಕಿದರು. ನಾಲ್ಕು ನಿಮಿಷದಲ್ಲಿ ಮೆಟ್ಟಿಲುಗಳು ನಕ್ಷೆಗೆ ಬಂದವು, ಹದಿನಾಲ್ಕು ಸಣ್ಣ ಅಡ್ಡಗೆರೆ. ‘ಭೇಷ್ ಅಂಚೆಯಣ್ಣ, ಈ ವಯಸ್ಸಿನಲ್ಲೂ ಎಂಥ ಕಣ್ಣು!’ ಎಂದು ಬರೆ‌ದರು ಡ್ರಾಯಿಂಗ್ ಮೇಷ್ಟ್ರು. ಮಾವ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಭಾನುವಾರ ಆರು ಜನ ಬಂದರು. ಪಡಸಾಲೆಯಲ್ಲಿ ಮಂಚ ಇದ್ದುದರಿಂದ ಕೂರಲು ಜಾಗವಿರಲಿಲ್ಲ. ಗೋಡೆಗೆ ಒರಗಿ ನಿಂತರು. ಅತ್ತೆಯ ಕಣ್ಣು ಒಬ್ಬೊಬ್ಬರ ಮೇಲೂ ಹೋಗಿ ಬಂತು.

"ಗುಬ್ಬಕ್ಕ ಯಾರು ಗೊತ್ತಾ?" ಎಂದರು ಮಾವ. "ನಿಮಗೆಲ್ಲ ಟೀ ಕೊಡ್ತಿದ್ಲಲ್ಲ, ಅವಳೇ. ಮೆಟ್ಟಿಲು ಅವಳು ಬರ್ದಿದ್ದು. ಮೂರು ಸಲ ಅಳಿಸಿದವನು ನಾನು. ಅದರ ಫಲ ಇಲ್ಲಿ ಮಲಗಿದೆ."

ಒಳಗೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಅವಳ ಇನ್ನೂ ಮೂವತ್ತೈದು ಜಾಗ ಇವೆ. ಎಲ್ಲ ವಾಪಸ್ ಹಾಕ್ಬೇಕು. ಫೋಟೋ ನಿಯಮ ತೆಗೀಬೇಕು. ಅವಳಿಗೆ ಗುಟ್ಟಾಗಿ ಹೊಲಸು ಕಾಗದ ಬರೆಯೋರನ್ನ ಹೊರಗೆ ಹಾಕ್ಬೇಕು. ನಾನು ಒಪ್ಪಿದ್ದೀನಿ. ಇನ್ನೊಬ್ಬರು ಯಾರು?"

ಕ್ಯಾಮೆರಾ ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ಆಗಬಾರದ್ದು ಆಯ್ತು ಅಂಚೆಯಣ್ಣ, ಒಪ್ತೀನಿ. ಆದ್ರೆ ನಿಯಮ ಅಂದ್ಮೇಲೆ ನಿಯಮ. ಇವತ್ತು ನಿಮ್ಮ ಸೊಸೆಗೆ ಬಿಟ್ರೆ ನಾಳೆ ಕಂಡ ಕಂಡವರು ಬರ್ತಾರೆ."

"ಬರ್ಲಿ ಅಂತಲೇ ಅಲ್ವಾ ಮೇಲೆ ಬರ್ದಿರೋದು?" ಎಂದಳು ಮೀಟರಮ್ಮ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಟ್ಟೆ ಇರಲಿಲ್ಲ.

"ಮುಂದಿನ ಸಭೇಲಿ ಚರ್ಚೆ ಮಾಡೋಣ" ಎಂದರು ಮೇಷ್ಟ್ರು, ಚಪ್ಪಲಿ ಹುಡುಕುತ್ತ. ಒಬ್ಬೊಬ್ಬರಾಗಿ ಇಳಿದು ಹೋದರು. ಮುಂದಿನ ಸಭೆ ಎಲ್ಲಿ ಎಂದು ಯಾರೂ ಹೇಳಲಿಲ್ಲ. ಈ ಮನೆಯಲ್ಲಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿತ್ತು.

ಮಾವ ಮಂಚದ ತುದಿಯಲ್ಲಿ ಕೂತರು. ಹೆಂಡತಿಯ ಸತ್ತ ಬಲಗೈಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಒಬ್ಬನೂ ಒಪ್ಪಲಿಲ್ಲ ಕಣೇ" ಎಂದರು. ಅತ್ತೆ ಸೂರು ನೋಡಿದರು. ಕ್ಷಮಿಸಿದರೋ ಇಲ್ಲವೋ ಹೇಳಲು ಅವರಲ್ಲಿ ಮಾತಿರಲಿಲ್ಲ. ಕೇಳುವ ಧೈರ್ಯ ಇವರಲ್ಲಿರಲಿಲ್ಲ.

ಮೀಟರಮ್ಮ ಫೋನು ತೆಗೆದುಕೊಂಡಳು. ಖಾತೆ ಮುಚ್ಚಿಬಿಡೋಣ ಎಂದೇ ತೆಗೆದುಕೊಂಡಿದ್ದು. ಗುಬ್ಬಕ್ಕನ ಹೆಸರಿಗೆ ಒಂದು ಗುಟ್ಟಿನ ಕಾಗದ ಬಂದಿತ್ತು. ಇನ್ನೊಂದು ಹೊಲಸು ಎಂದುಕೊಂಡೇ ತೆರೆದಳು. ಕಳಿಸಿದವಳ ಹೆಸರು ‘ಮೂರನೇ ಪಾಳಿ’. ಸೇರಿ ಎಂಟು ದಿನವಾಗಿತ್ತು.

‘ಅಕ್ಕಾ, ನೀವು ಇನ್ನೂ ಇದ್ದೀರಾ? ನೂಲಿನ ಗಿರಣಿ ಹಿಂದಿನ ರಸ್ತೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಇಲ್ಲ. ರಾತ್ರಿ ಕೆಲಸ ಬಿಟ್ಟು ಹೋಗೋ ಹುಡುಗಿ ಒಬ್ಬಳು ಬಿದ್ದಳು. ಎರಡು ಸಲ ಬರೆದೆ, ಅಳಿಸಿದರು. ಫೋಟೋ ಬೇಕಂತೆ. ನಾಳೆ ಹೋಗಿ ತೆಗೆಯಲಾ?’

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಮಾವನಿಗೆ ಕೇಳುವಂತೆ ದೊಡ್ಡದಾಗಿ ಓದಿದಳು. ಮಾವ ಹೆಂಡತಿಯ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು, ಕೋಲಿಗಾಗಿ ಗೋಡೆ ತಡವಿದರು.

ಮೀಟರಮ್ಮ ಒಂದೊಂದೇ ಅಕ್ಷರ ಒತ್ತಿದಳು.

‘ಇದ್ದೀನಿ. ಒಬ್ಬಳೇ ಹೋಗಬೇಡ. ಎಷ್ಟು ಹೊತ್ತಿಗೆ ಹೇಳು, ನಾವು ಬರ್ತೀವಿ.’